ಬದನೆ ಹೂವಿನ ಶ್ರುತಿ

ಹಾರ್ಮೋನಿಯಂ ರಿಪೇರಿಯವನಿಗೆ ಬೀದಿಯ ಮಕ್ಕಳು ಇಟ್ಟ ಹೆಸರು ಸಾಪಾಸಾ. ಬೆಳಗಾದರೆ ಸಾಕು, ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿ ಕೂತು, ಸ್ವರ ಹೊರಡಿಸುವ ಹಿತ್ತಾಳೆ ರೀಡುಗಳನ್ನು ಕೆರೆದು ಕೆರೆದು, ಸಾ, ಪಾ, ಸಾ ಅಂತ ಶ್ರುತಿ ಹಿಡಿಯುವುದೇ ಅವನ ಕೆಲಸ. ಕಿವಿ ಅಂದರೆ ಅಂಥಿಂಥ ಕಿವಿಯಲ್ಲ. ಪಕ್ಕದ ಮನೆಯ ಕುಕ್ಕರ್ ಕೂಗಿದರೂ "ಸ್ವಲ್ಪ ಇಳಿದಿದೆ" ಅನ್ನುವ ಆಸಾಮಿ. ಹೆಂಡತಿಯ ಮಾತು ಮಾತ್ರ ಆ ಕಿವಿಗೆ ಎರಡನೇ ಸಲಕ್ಕೇ ಬೀಳುವುದು, ಅದು ಬೇರೆ ವಿಷಯ.

ಕೋಣೆಯ ಹೊರಗೆ ಅವಳ ಬದನೆ ಕುಂಡಗಳು. ಅವು ಬರೀ ಬದನೆಯಲ್ಲ. ಹೋದ ವರ್ಷ ತೀರಿಕೊಂಡ ಅವಳ ಅಕ್ಕ ತನ್ನ ಹಿತ್ತಿಲಲ್ಲಿ ತಾನೇ ಬೆಳೆದು, ತಾನೇ ಬೀಜ ತೆಗೆದು ಉಳಿಸಿಕೊಂಡು ಬಂದಿದ್ದ ಬಿಳಿ ಬದನೆ. ಅಂಥದ್ದನ್ನು ಅವರು ಬೇರೆಲ್ಲೂ ಕಂಡಿರಲಿಲ್ಲ. ಉಳಿದಿದ್ದ ಬೀಜವನ್ನೆಲ್ಲ ಈ ಸಲ ಬಿತ್ತಿಯಾಗಿತ್ತು. ಗಿಡ ಬಂತು, ಹೂ ಬಂತು, ಬಂದ ಹೂವೆಲ್ಲ ಉದುರಿತು. ಒಂದೇ ಒಂದು ಕಾಯಿ ಕಚ್ಚಲಿಲ್ಲ. ಗಿಡಕ್ಕೂ ವಯಸ್ಸಾಗುತ್ತಾ ಬಂದಿತ್ತು. ಇನ್ನೂ ಕಾಯಿ ಬಿಡದಿದ್ದರೆ ಅಕ್ಕನ ಬದನೆ ಅಲ್ಲಿಗೆ ಮುಗಿಯಿತು.

"ಗೊಬ್ಬರ ಹಾಕಿದೆ, ನೀರು ಹಾಕಿದೆ, ಇನ್ನೇನು ನನ್ನ ತಲೆ ಹಾಕಲಾ?" ಅಂತ ಅವಳು ದಿನಾ ಗಿಡದ ಮುಂದೆ ಕೂತು ಜಗಳ ಆಡುತ್ತಿದ್ದಳು.

ಗಿಡಗಳ ಸುತ್ತ ಹಳೆಯ ಸೊಳ್ಳೆಪರದೆ ಇತ್ತು. ಕಟ್ಟಿದವನು ಅವನು, ಕಟ್ಟಿಸಿದವಳು ಅವಳು. ಬಟ್ಟೆ ಒಣಹಾಕುವ ಬಿದಿರು ಕೋಲಿನಲ್ಲಿ ತೂತು ಕೊರೆದುಕೊಂಡು ಒಂದು ಕರೀ ದುಂಬಿ ಸಂಸಾರ ಹೂಡಿತ್ತು; ಪರದೆ ಅದನ್ನು ದೂರ ಇಡಲಿಕ್ಕೆ. ಅದು ಗುಂಯ್ ಅಂದರೆ ಇವನ ಶ್ರುತಿ ಕೆಡುತ್ತಿತ್ತು. ಅವಳಿಗೋ, ಹೂವನ್ನೆಲ್ಲ ಅದೇ ತಿಂದು ಹಾಳು ಮಾಡುತ್ತಿದೆ ಅನ್ನೋ ಗುಮಾನಿ. ಗಂಡ ಹೆಂಡತಿ ಒಮ್ಮತಕ್ಕೆ ಬರುವುದೇ ಅಪರೂಪ, ಬಂದಾಗ ನೋಡಿ ಇಂಥ ಎಡವಟ್ಟು!

ಒಂದು ಬೆಳಿಗ್ಗೆ ಪರದೆ ಎಲ್ಲೋ ಹರಿದಿತ್ತೇನೋ, ದುಂಬಿ ಒಳಗೆ ನುಗ್ಗಿತು. ಇವನು ರೀಡು ಕೈಯಲ್ಲಿ ಹಿಡಿದೇ ಹಲ್ಲು ಕಡಿದ. ಕೆಳ ಸ್ವರದಲ್ಲಿ ಗುಂಯ್‌ಗುಡುತ್ತಿದ್ದದ್ದು ಇದ್ದಕ್ಕಿದ್ದ ಹಾಗೆ ಮೇಲಕ್ಕೆ ಹಾರಿತು. ನಿಂತಿತು. ಮತ್ತೆ ಅದೇ ಮೇಲಿನ ಸ್ವರ, ಚೂರೂ ಅತ್ತಿತ್ತ ಇಲ್ಲ. "ಯಾರಪ್ಪಾ ಇದಕ್ಕೆ ಪಾಠ ಹೇಳಿದ್ದು!" ಅಂತ ಟವೆಲ್ ಹಿಡಿದು ಹೊಡೆಯಲು ಎದ್ದವನು, ಪರದೆ ಹತ್ತಿರ ಹೋಗಿ ಹಾಗೇ ನಿಂತುಬಿಟ್ಟ.

ದುಂಬಿ ಹೂವನ್ನು ತಬ್ಬಿಕೊಂಡು ನೇತಾಡುತ್ತಿತ್ತು. ರೆಕ್ಕೆ ಮಡಚಿಕೊಂಡಿತ್ತು. ಆದರೂ ಸ್ವರ ಬರುತ್ತಿತ್ತು, ಮೈಯೊಳಗಿಂದಲೇ! ಹೂವು ಗಡಗಡ ನಡುಗಿತು. ನಡುವಿನ ಹಳದಿ ಕೊಳವೆಗಳ ತುದಿಯಿಂದ ಪುಡಿ ಬುಸ್ಸೆಂದು ಚಿಮ್ಮಿ ಕರೀ ಹೊಟ್ಟೆಯನ್ನೆಲ್ಲ ಹಳದಿ ಮಾಡಿತು.

ಅವನು ಪಕ್ಕದ ಹೂವನ್ನು ಬೆರಳಿನಿಂದ ಅಲುಗಿಸಿದ. ಏನೂ ಬೀಳಲಿಲ್ಲ. ಮೆಲ್ಲಗೆ ತಟ್ಟಿದ. ಊಹೂಂ. ದುಂಬಿ ಬಂದು ಅದೇ ಹೂವನ್ನು ಹಿಡಿದು ಸ್ವರ ಎತ್ತಿತು, ಪುಡಿ ಸುರಿಯಿತು.

"ಲೇ, ಬಾರೇ ಇಲ್ಲಿ! ಬೇಗ!"

ಹೆಂಡತಿ ಪೊರಕೆ ಸಮೇತ ಬಂದಳು. "ಎಲ್ಲಿ ಆ ದರಿದ್ರದ್ದು?"

ಅವನು ಅವಳ ಕೈ ಹಿಡಿದ. "ಹೊಡೀಬೇಡ ಕಣೇ. ಕೇಳು. ಈ ಹೂವಿಗೆ ಬೀಗ ಇದೆ. ಈ ದುಂಬಿ ಶ್ರುತಿ ಹಿಡಿದ್ರೆ ಮಾತ್ರ ಬಿಚ್ಚಿ ಪರಾಗ ಉದುರುತ್ತೆ, ಆಗಲೇ ಕಾಯಿ ಕಚ್ಚೋದು. ನಾನು ಇಷ್ಟು ವರ್ಷ ಶ್ರುತಿ ಮಾಡಿದೀನಿ, ಒಂದು ಹೂವಾದ್ರೂ ನನ್ನ ಮಾತು ಕೇಳಿದ್ಯಾ?"

ಅವಳು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. "ಅಕ್ಕನ ಹಿತ್ತಿಲಲ್ಲಿ ಇವುಗಳ ಗಲಾಟೆಗೆ ನಾವಾಡೋ ಮಾತೇ ಕೇಳ್ತಿರಲಿಲ್ಲ ರೀ," ಅಂದಳು. "ಓಡಿಸೇ ಅಕ್ಕಾ ಅಂದ್ರೆ ನಗೋಳು. ಅಯ್ಯೋ, ಇದಕ್ಕೆ ಬಾಗಿಲು ಹಾಕಿದ್ದು ನಾವೇನಾ?"

ಪರದೆಯ ಗಂಟು ಬಿಚ್ಚುವ ವ್ಯವಧಾನವೂ ಅವಳಿಗಿರಲಿಲ್ಲ. ಪರಪರ ಹರಿದು ಎಸೆದಳು. ಅವತ್ತಿನಿಂದ ಅವನ ಕೆಲಸ ದುಂಬಿಯ ಬಿಡುವು ನೋಡಿಕೊಂಡು ನಡೆಯಿತು. ತಡವಾಯಿತೆಂದು ಗಿರಾಕಿಗಳು ಬೈದರು, ಬೈಸಿಕೊಂಡ.

ಉಳಿದಿದ್ದ ಹೂಗಳಲ್ಲಿ ಹೆಚ್ಚಿನವು ಉದುರಿಹೋದವು. ಒಂದು ಉದುರಲಿಲ್ಲ. ಬಾಡಿದ ಎಸಳನ್ನು ಅವಳು ಉಗುರಿನಲ್ಲಿ ಸರಿಸಿದರೆ, ಒಳಗೆ ಕಡಲೆಕಾಳಿನಷ್ಟು ಕಾಯಿ. ಅಕ್ಕ ಹೋದಾಗಲೂ ಎಲ್ಲರ ಮುಂದೆ ಗಟ್ಟಿಯಾಗಿದ್ದವಳು ತಾರಸಿಯ ಬಿಸಿಲಲ್ಲಿ ಕುಕ್ಕರಿಸಿ ಬಿಕ್ಕಿ ಬಿಕ್ಕಿ ಅತ್ತಳು. ಅವನು ಕಾಯಿ ನೋಡಲು ಕೈ ಚಾಚಿದ.

"ಮುಟ್ಟಬೇಡಿ," ಅಂದಳು ಅಳುತ್ತಲೇ. "ಇದು ಬೀಜಕ್ಕೆ."