ಬಣ್ಣ ಹಾಕಿಟ್ಟ ಬಿಲ

ಇಲಿಯ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಮತ್ತೆ ಬಿಡುವುದಿಲ್ಲ. ಒಣಗಿದ ಮೂತ್ರ, ಹಳೆಯ ಎಣ್ಣೆ, ಒದ್ದೆ ರಟ್ಟು ಎಲ್ಲ ಸೇರಿದ ವಾಸನೆ ಅದು. ಇಲಿ, ಜಿರಳೆ, ತಿಗಣೆ ಹೊಡೆಯುವ ಕಂಪನಿಯಲ್ಲಿ ನನಗೆ ಐದು ವರ್ಷವಾಯಿತು. ಬೆಟ್ಟ ಅಗೆದು ಇಲಿ ಹಿಡಿದರು ಎಂದು ಜನ ಆಡಿಕೊಂಡು ನಗುತ್ತಾರೆ. ನಮಗೆ ಅದಕ್ಕೇ ಸಂಬಳ. ಕೆಲಸದ ಬಗ್ಗೆ ನನಗೆ ಹೇಸಿಗೆಯಿಲ್ಲ. ಸತ್ತ ಇಲಿಯನ್ನು ಬಾಲ ಹಿಡಿದು ಚೀಲಕ್ಕೆ ಹಾಕಿ, ಸೋಪು ಹಚ್ಚಿ ಕೈ ತೊಳೆದು, ಊಟಕ್ಕೆ ಕೂರುತ್ತೇನೆ. ನನಗೆ ಹೇಸಿಗೆ ಹುಟ್ಟಿಸಿದ್ದು ನನ್ನ ಭಾವ.

ಭಾವ ಅಂದರೆ ಅಕ್ಕನ ಗಂಡ. ನಾದಿನಿಯಾದ ನನಗೆ ಈ ಕೆಲಸ ಕೊಡಿಸಿದ್ದೂ ಅವನೇ, ಕಲಿಸಿದ್ದೂ ಅವನೇ. ಒಂದೇ ವ್ಯಾನಿನಲ್ಲಿ ಇಬ್ಬರೂ ಊರು ಸುತ್ತುತ್ತೇವೆ. ಭಾವನನ್ನು ಬಹುವಚನದಲ್ಲಿ ಕರೆಯಬೇಕು, ಎದುರಿಗೆ ಹಾಗೇ ಕರೆಯುತ್ತೇನೆ. ಬರೆಯುವಾಗ ಕೈ ಒಪ್ಪುವುದಿಲ್ಲ.

ಅವನಿಗೆ ಫೋನಿನಲ್ಲಿ ಒಂದು ಆಟದ ಹುಚ್ಚು. ನಾವು ಓಡಾಡುವ ಬೀದಿಗಳ ನಕ್ಷೆಯೇ ಅದರಲ್ಲಿ ಮೂಡುತ್ತದೆ, ನಕ್ಷೆಯ ಮೇಲೆ ಅಲ್ಲಲ್ಲಿ ರಾಕ್ಷಸರು. ಮೈಯೆಲ್ಲ ಮುಳ್ಳಿರುವ ಹಲ್ಲಿ, ರೆಕ್ಕೆಯ ಹಂದಿ, ಕೆಸರು ಉಗುಳುವ ಇನ್ನೊಂದು ಪ್ರಾಣಿ. ಎದುರಾದಲ್ಲೇ ನಿಂತು ಹೊಡೆಯಬಹುದು. ಪುರುಸೊತ್ತಿಲ್ಲದಿದ್ದರೆ ಒಂದು ಬಣ್ಣದುಂಡೆ ಎಸೆದರೆ ಸಾಕು. ಉಂಡೆ ಒಡೆದು ರಾಕ್ಷಸನ ಮೈಗೆ ಬಣ್ಣ ಮೆತ್ತಿಕೊಳ್ಳುತ್ತದೆ, ರಾಕ್ಷಸ ಅವನ ಪಟ್ಟಿಗೆ ಸೇರುತ್ತದೆ. ಆಮೇಲೆ ಊರಿನ ಯಾವ ಮೂಲೆಯಲ್ಲಿ ಕೂತಾದರೂ, ಕಕ್ಕಸಿನಲ್ಲಿ ಕೂತಾದರೂ, ಪಟ್ಟಿ ತೆರೆದು ಅದನ್ನು ಹೊಡೆಯಬಹುದು. ಬಣ್ಣ ಬಿದ್ದದ್ದು ಎಲ್ಲಿಗೂ ಓಡಿಹೋಗುವುದಿಲ್ಲ.

ಕೈಗವಸು ಹಾಕಿಕೊಂಡರೆ ಫೋನು ಕೇಳುವುದಿಲ್ಲವೆಂದು ಬಲಗೈ ಗವಸಿನ ಹೆಬ್ಬೆರಳಿನ ತುದಿಯನ್ನು ಕತ್ತರಿಸಿಕೊಂಡಿದ್ದ. ಅದೇ ಬೆರಳಲ್ಲಿ ಇಲಿ ಹಿಕ್ಕೆ ಕೆದಕುವುದು, ಅದೇ ಬೆರಳಲ್ಲಿ ಫೋನು ತೀಡುವುದು, ಅದೇ ಬೆರಳನ್ನು ಎಂಜಲು ಮಾಡಿಕೊಂಡು ಕಾಗದ ತಿರುಗಿಸುವುದು. ನೋಡಿ ನೋಡಿ ನನಗೆ ವ್ಯಾನಿನಲ್ಲಿ ಬುತ್ತಿ ಬಿಚ್ಚಲು ಮನಸ್ಸಾಗುತ್ತಿರಲಿಲ್ಲ.

"ನೋಡಿಲ್ಲಿ, ಎಂಟು ನಕ್ಷತ್ರದ್ದು," ಎಂದ ಒಂದು ದಿನ ಸಿಗ್ನಲ್‌ನಲ್ಲಿ ನಿಂತಾಗ. ಉಂಡೆ ಎಸೆದ.

"ಈಗ್ಲೇ ಹೊಡೀಬಹುದಲ್ಲ ಭಾವ, ಸಿಗ್ನಲ್ ಇನ್ನೂ ಕೆಂಪಿದೆ."

"ಎಲ್ಲಾ ಇವತ್ತೇ ಹೊಡೆದು ಮುಗಿಸಿಬಿಟ್ರೆ ನಾಳೆಗೆ? ಬಣ್ಣ ಹಾಕಿಟ್ರೆ ಅದು ಮನೆ ಕೋಳಿ ಇದ್ದ ಹಾಗೆ. ಬೇಕಾದಾಗ ಕುಯ್ಕೋಬಹುದು."

ನಮ್ಮ ಕೆಲಸದಲ್ಲೂ ಒಂದು ಬಣ್ಣವಿದೆ. ನುಣ್ಣನೆಯ ಪುಡಿ, ವಿಷವಲ್ಲ. ಇಲಿ ಓಡಾಡುವ ಕಡೆ ಉದುರಿಸಿದರೆ ಅದರ ಕಾಲಿಗೆ, ಬಾಲಕ್ಕೆ ಅಂಟುತ್ತದೆ. ಬೆಳಕಿನಲ್ಲಿ ಏನೂ ಕಾಣುವುದಿಲ್ಲ. ಕತ್ತಲಲ್ಲಿ ನೀಲಿ ಟಾರ್ಚ್ ಹಾಕಿದರೆ ಹೆಜ್ಜೆಗಳೆಲ್ಲ ಹಸಿರಾಗಿ ಹೊಳೆಯುತ್ತವೆ, ಆ ಹೆಜ್ಜೆ ಹಿಡಿದು ಹೋದರೆ ಬಿಲ ಸಿಗುತ್ತದೆ. ಪುಡಿ ಹಾಕಿದ ಮಾರನೆಯ ದಿನ ಹೋಗಿ ಬಿಲ ಹುಡುಕಬೇಕು, ಒಳಗಿದ್ದದ್ದನ್ನು ಹೊಡೆಯಬೇಕು, ಬಾಯಿಗೆ ಗಾರೆ ಮೆತ್ತಬೇಕು. ಭಾವನೇ ಕಲಿಸಿದ ಪಾಠ ಇದು.

ಕಂಪನಿಯಲ್ಲಿ ತಿಂಗಳಿಗೆ ಇಷ್ಟು ಬಿಲ ಮುಚ್ಚಬೇಕೆಂದು ಗುರಿ ಕೊಟ್ಟರು. ಗುರಿ ಮೀರಿದರೆ ಭೇಷ್ ಅನ್ನುವವರಿಲ್ಲ, ಕಡಿಮೆ ಬಿದ್ದರೆ ಮಾತ್ರ ಎಲ್ಲರೆದುರು ಮಂಗಳಾರತಿ. ಅಲ್ಲಿಂದ ಭಾವನಿಗೆ ಆಟದ ಬುದ್ಧಿ ಕೆಲಸಕ್ಕೂ ಬಂತು. ತಿಂಗಳ ಮೊದಲಲ್ಲಿ ಸಿಕ್ಕ ಬಿಲಕ್ಕೆ ಇನ್ನೊಂದು ಹಿಡಿ ಪುಡಿ ತುಂಬಿ, ಫೋಟೋ ತೆಗೆದು, ಪಟ್ಟಿಗೆ ಹಾಕಿಕೊಂಡು ಬಂದುಬಿಡುತ್ತಿದ್ದ. ಕೊನೆಯ ವಾರ ಒಂದೊಂದಾಗಿ ಹೋಗಿ ಹೊಡೆಯುವುದು. ಬಿಲಗಳಿಗೆ ನಕ್ಷತ್ರವನ್ನೂ ಕೊಡುತ್ತಿದ್ದ. ಗೋದಾಮಿನದಕ್ಕೆ ಮೂರು, ಹಾಸ್ಟೆಲ್ ಅಡುಗೆಮನೆಯದಕ್ಕೆ ಆರು.

ನನಗೆ ಗೊತ್ತಿತ್ತು. ಹಾಗೆ ಬಿಟ್ಟು ಬಂದ ದಿನ ನಾನು ಮೂರೂವರೆಗೇ ಮನೆ ಸೇರುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಲ್ಲ, ಹಾಗೆ ನಾನೂ ಕಣ್ಣು ಮುಚ್ಚಿಕೊಂಡಿದ್ದೆ. ಆಟದ ರಾಕ್ಷಸ ಪಟ್ಟಿಯಲ್ಲಿ ಹೇಗಿತ್ತೋ ಹಾಗೇ ಇರುತ್ತದೆ. ಅದು ತಿನ್ನುವುದಿಲ್ಲ, ಹೇಲುವುದಿಲ್ಲ, ಮರಿ ಹಾಕುವುದಿಲ್ಲ. ಇಲಿಗೆ ಮೂರು ವಾರ ಸಾಕು, ಒಂದು ಸಲಕ್ಕೆ ಎಂಟೋ ಹತ್ತೋ ಮರಿ. ಐದು ವರ್ಷ ಇದೇ ಕೆಲಸ ಮಾಡಿದ ನಮಗೆ ಯಾರೂ ಇದನ್ನು ಹೇಳಿಕೊಡಬೇಕಾಗಿರಲಿಲ್ಲ.

ತಿಂಗಳ ಎರಡನೆಯ ದಿನ ಒಂದು ಶಿಶುವಿಹಾರದಿಂದ ಕರೆ ಬಂತು. ಕೆಲಸಕ್ಕೆ ಹೋಗುವ ಅಪ್ಪ ಅಮ್ಮಂದಿರು ಬೆಳಿಗ್ಗೆ ಬಿಟ್ಟು ಸಂಜೆ ಕರೆದೊಯ್ಯುವ ಹತ್ತೊಂಬತ್ತು ಮಕ್ಕಳು. ನಡೆಸುವವರು ಐವತ್ತು ದಾಟಿದ ಹೆಂಗಸು, ಮಕ್ಕಳಿಗೆಲ್ಲ ದೊಡ್ಡಮ್ಮ. ನಾವೂ ಹಾಗೇ ಕರೆದೆವು. ಬಿಸ್ಕತ್ತಿನ ಡಬ್ಬಿಯ ಹಿಂದೆ ಹಿಕ್ಕೆ ಸಿಕ್ಕಿತೆಂದು, ಡಬ್ಬಿಯನ್ನು ಬಿಸ್ಕತ್ತಿನ ಸಮೇತ ಆಚೆ ಎಸೆದು, ಅಡುಗೆಮನೆಯನ್ನೆಲ್ಲ ತಾವೇ ತಿಕ್ಕಿ ತೊಳೆದಿದ್ದರು. ನಾವು ಪುಡಿ ಹಾಕಿ ಬಂದೆವು.

ಮಾರನೆಯ ದಿನ ಹೆಜ್ಜೆ ಹಿಡಿದು ಹೋದರೆ ಬಿಲ ಸಿಕ್ಕಿದ್ದು ಹಿಂದಿನ ಕೋಣೆಯಲ್ಲಿ. ಹಳೆಯ ಬೀರುವಿನ ಹಿಂದೆ ಎರಡು ಬೆರಳಗಲದ ತೂತು, ಒಳಗೆ ಹರಿದ ಬಟ್ಟೆಯ ಚೂರುಗಳ ಮೇಲೆ ಹೊಟ್ಟೆ ದಪ್ಪವಾದ ಒಂದು ಹೆಣ್ಣಿಲಿ. ಭಾವ ಇಣುಕಿ ನೋಡಿ ಫೋನು ತೆಗೆದ.

"ಇದನ್ನ ಇಟ್ಕೊಳ್ಳೋಣ."

"ಇಲ್ಲಿ ಮಕ್ಕಳಿದ್ದಾವೆ ಭಾವ."

"ಮಕ್ಕಳು ಇರೋದು ಮುಂದಿನ ಕೋಣೇಲಿ. ಇಲ್ಲಿ ಬರೀ ಸಾಮಾನು. ಇಪ್ಪತ್ತು ದಿನ ಅಷ್ಟೇ, ಬಣ್ಣ ಬಿದ್ದಿದೆ, ಎಲ್ಲಿಗ್ ಹೋಗುತ್ತೆ?"

ಆಚೆ ಬಂದಾಗ ದೊಡ್ಡಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತ ಕಾಯುತ್ತಿದ್ದರು. "ಮುಂದಿನ ಕೋಣೆ ಸೂರಿಂದ ಗಾರೆ ಉದುರ್ತಾ ಇದೆ. ರಿಪೇರಿ ಮುಗಿಯೋವರೆಗೆ ಮಧ್ಯಾಹ್ನ ಮಕ್ಕಳನ್ನ ಹಿಂದಿನ ಕೋಣೇಲಿ ಮಲಗಿಸಬೇಕು ಅಂತಿದ್ದೀನಿ. ಮಲಗಿಸಬಹುದಾ?"

"ಧಾರಾಳವಾಗಿ ಮಲಗಿಸಿ ದೊಡ್ಡಮ್ಮ. ಅಲ್ಲೇನೂ ಇಲ್ಲ," ಎಂದ ಭಾವ, ಫೋನಿನಿಂದ ತಲೆಯೆತ್ತದೆ.

ದೊಡ್ಡಮ್ಮ ನನ್ನ ಕಡೆ ತಿರುಗಿದರು. ನನ್ನ ಮುಖ ನೋಡಿದರು. ಬಾಯಿಬಿಟ್ಟರೆ ಭಾವನ ಮುಖಕ್ಕೆ ಹೊಡೆದ ಹಾಗಾಗುತ್ತದೆ, ಸಂಜೆ ಅಕ್ಕನ ಫೋನು ಬರುತ್ತದೆ, ಇದ್ದ ಒಂದು ಕೆಲಸವೂ ಹೋಗುತ್ತದೆ. ಇಷ್ಟೆಲ್ಲ ಅಷ್ಟರಲ್ಲೇ ತಲೆಗೆ ಬಂತು. ಹೌದೆಂದು ತಲೆಯಾಡಿಸಿದೆ.

ಆ ರಾತ್ರಿ ಊಟ ಸೇರಲಿಲ್ಲ. ಮಾರನೆಯ ದಿನ ಸೇರಿತು. ವಾರಕ್ಕೊಮ್ಮೆ ಭಾವನಿಗೆ ಆ ಶಿಶುವಿಹಾರದ ನೆನಪು ಮಾಡುತ್ತಿದ್ದೆ, "ಇರು, ಇನ್ನೂ ಟೈಮಿದೆ," ಅನ್ನುತ್ತಿದ್ದ. ಒಮ್ಮೆ ದೊಡ್ಡಮ್ಮನೇ ಫೋನು ಮಾಡಿ ಗೋಡೆಯೊಳಗೆ ಸದ್ದಾಗುತ್ತದೆ ಎಂದರು. ನೀರಿನ ಪೈಪು ಇರಬೇಕು ಎಂದು ಭಾವ ಹೇಳಿದ. ಹೇಳಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ಕಳ್ಳತನದ ಮಾಲಿನಲ್ಲಿ ನನಗೂ ಪಾಲು ಕೊಟ್ಟ ಹಾಗಿತ್ತು ಆ ಕಣ್ಣು, ಮೈಯೆಲ್ಲ ಜಿಗುಟಾದಂತೆನಿಸಿತು.

ಕೊನೆಯ ವಾರ, ಮಧ್ಯಾಹ್ನದ ಊಟದ ಹೊತ್ತಿನ ಮೇಲೆ ಹೋದೆವು. ಗೇಟಿನ ಹತ್ತಿರ ಯಾವುದೋ ದೊಡ್ಡ ರಾಕ್ಷಸ ಇದೆಯೆಂದು ಭಾವ ಅಲ್ಲೇ ನಿಂತ. ದೊಡ್ಡಮ್ಮ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದರು. "ಮಲಗಿದ್ದಾವೆ, ಮೆಲ್ಲಗೆ ಹೋಗಮ್ಮ," ಎಂದರು.

ಹಿಂದಿನ ಕೋಣೆಯ ಕಿಟಕಿಗೆ ದಪ್ಪ ಪರದೆ ಎಳೆದಿತ್ತು. ಬಾಗಿಲು ತೆರೆದ ಕೂಡಲೇ ಮೂಗಿಗೆ ಬಡಿಯಿತು. ಮಕ್ಕಳ ಪೌಡರು, ಹಾಲು, ಅದರಡಿಗೆ ಅದೇ ವಾಸನೆ. ಎರಡು ಸಾಲು ಪುಟ್ಟ ಹಾಸಿಗೆಗಳು. ಟಾರ್ಚ್ ಹಾಕಿದೆ.

ಹೆಜ್ಜೆಗಳು ಬೀರುವಿನ ಹಿಂದಿನಿಂದ ಹೊರಟು ಗೋಡೆಯ ಬುಡದಲ್ಲೇ ಸಾಗಿ, ಮೊದಲ ಹಾಸಿಗೆಯನ್ನು ಹತ್ತಿದ್ದವು. ಹೊದಿಕೆಯ ಮೇಲೆ, ದಿಂಬಿನ ಮೇಲೆ, ಪುಟ್ಟ ಪುಟ್ಟ ಹಸಿರು ಪಾದ, ನಡುನಡುವೆ ಬಾಲ ಎಳೆದ ಗೆರೆ. ದೊಡ್ಡ ಪಾದಗಳಿದ್ದವು, ಅಕ್ಕಿಕಾಳಿನಷ್ಟು ಸಣ್ಣ ಪಾದಗಳೂ ಇದ್ದವು. ಒಬ್ಬ ಹುಡುಗ ಬಾಯಿ ತೆರೆದು ಮಲಗಿದ್ದ, ಜೊಲ್ಲು ಒಣಗಿದ ಗಲ್ಲದ ಸುತ್ತ ಹಸಿರು ಮೆತ್ತಿತ್ತು. ಹಾಲಿನ ವಾಸನೆಗೆ ಬಂದು ನೆಕ್ಕಿ ಹೋಗಿದ್ದವು. ಕಿಟಕಿಯ ಪಕ್ಕದ ಹೆಣ್ಣುಮಗುವಿನ ತೋರುಬೆರಳಿಗೆ ಬಟ್ಟೆಯ ಪಟ್ಟಿ ಸುತ್ತಿದ್ದರು. ಪಟ್ಟಿಯ ತುದಿ ಹಲ್ಲಿನಿಂದ ಎಳೆದು ಬಿಚ್ಚಿದಂತಿತ್ತು, ಬೆರಳಿನ ತನಕ ಹಸಿರೋ ಹಸಿರು.

ಗೇಟಿಗೆ ಹೋಗಿ ಭಾವನನ್ನು ತೋಳು ಹಿಡಿದು ಎಳೆದುಕೊಂಡು ಬಂದೆ. ಅವನು ಟಾರ್ಚ್ ಕಿತ್ತುಕೊಂಡ. ಮಕ್ಕಳ ಮೇಲೆ ಬೆಳಕು ನಿಲ್ಲಲೇ ಇಲ್ಲ, ಗೋಡೆಯುದ್ದಕ್ಕೂ ಓಡಿ ಬೀರುವಿನ ಆಚೆಗೊಂದು, ಬಾಗಿಲ ಚೌಕಟ್ಟಿನ ಬುಡದಲ್ಲೊಂದು ಹೊಸ ತೂತು ಹುಡುಕಿತು.

"ಒಂದು ಬಿಟ್ಟು ಹೋಗಿದ್ವಿ, ಮೂರಾಗಿದೆ ನೋಡು," ಎಂದು ಪಿಸುಗುಟ್ಟಿದ. ಅವನ ಮುಖ ಅರಳಿತ್ತು. "ಒಂದನ್ನ ಇವತ್ತು ಹೊಡೆಯೋಣ. ಎರಡು ಮುಂದಿನ ತಿಂಗಳಿಗಾಯ್ತು."

"ಆ ಮಗು ಬೆರಳು ನೋಡಿ ಭಾವ."

"ನೋಡ್ದೆ. ಔಷಧಿ ಹಚ್ಚಿದ್ದಾರಲ್ಲ."

ಅವನು ಆಗಲೇ ಫೋನು ತೆಗೆದು ಫೋಟೋಕ್ಕೆ ಬಗ್ಗಿದ್ದ. ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಗಾಜು ಒರೆಸಿದ. ಜೀವಮಾನದಲ್ಲಿ ಬೇಕಾದಷ್ಟು ಕೊಳೆತದ್ದನ್ನು ಮುಟ್ಟಿದ್ದೇನೆ. ಅವನಷ್ಟು ಅಸಹ್ಯವಾದದ್ದನ್ನು ನೋಡಿರಲಿಲ್ಲ. ಈ ಮನುಷ್ಯನ ಜೊತೆ ಒಂದೇ ಬಾಟಲಿಯಿಂದ ನೀರು ಕುಡಿದಿದ್ದೇನಲ್ಲ ಎನಿಸಿ ಬಾಯಿ ಉಜ್ಜಿಕೊಳ್ಳಬೇಕೆನಿಸಿತು.

"ನಾನು ಹೇಳ್ತೀನಿ ಅವರಿಗೆ," ಎಂದೆ.

"ಹೇಳು. ಕೆಲಸ ಕೊಡಿಸಿದವನ ಕೈ ಕಚ್ಚು. ನಿಮ್ಮಕ್ಕನಿಗೆ ಏನು ಹೇಳ್ಬೇಕೋ ಅದನ್ನೂ ಯೋಚ್ನೆ ಮಾಡ್ಕೋ."

ಅಡುಗೆಮನೆಗೆ ಹೋಗಿ ಹೇಳಿದೆ. ಬಿಲ ಇತ್ತು, ಮೊದಲ ದಿನವೇ ಸಿಕ್ಕಿತ್ತು, ತಿಂಗಳ ಕೊನೆಗೆಂದು ಬಿಟ್ಟುಹೋದೆವು, ಈಗ ಮೂರಾಗಿದೆ, ಮಗುವಿನ ಬೆರಳು ಇಲಿ ಕಚ್ಚಿದ್ದು, ಈಗಲೇ ಡಾಕ್ಟರ ಹತ್ತಿರ ಕರೆದೊಯ್ಯಬೇಕು. ದೊಡ್ಡಮ್ಮ ಕೈಲಿದ್ದ ಲೋಟವನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟರು.

"ಉಗುರು ಕಚ್ಚಿಕೊಂಡಿದ್ದಾಳೆ ಅಂತ ನಿನ್ನೆ ಅವಳಿಗೆ ಗದರಿದೆ," ಎಂದರು. "ಅತ್ಲು. ತಾನು ಕಚ್ಚಿಲ್ಲ ಅಂತ ಹೇಳ್ತಾನೇ ಇದ್ಲು."

ಕೋಣೆಗೆ ಬಂದು ಪರದೆ ಸರಿಸಿದರು. ಬೆಳಕಿಗೆ ಹಸಿರೆಲ್ಲ ಮಾಯವಾಗಿ ತೊಳೆದ ಬಿಳಿಯ ಹೊದಿಕೆಗಳಷ್ಟೇ ಉಳಿದವು. ಭಾವ ಏನೋ ಹೇಳಲು ಬಾಯಿ ತೆರೆದ. ದೊಡ್ಡಮ್ಮ ಬಾಗಿಲು ತೋರಿಸಿದರು, ಅವನು ಹೋದ. ಹೆಣ್ಣುಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದರು.

"ಆ ಮನುಷ್ಯನ ಮಾತು ನಾನು ನಂಬಿರ್ಲಿಲ್ಲ. ಫೋನಲ್ಲೇ ಕಣ್ಣಿಟ್ಟು ಮಾತಾಡೋರನ್ನ ಯಾರು ನಂಬ್ತಾರೆ? ನೀನು ತಲೆ ಆಡಿಸ್ದೆ. ಅದನ್ನ ನೋಡಿ ಹಾಸಿಗೆ ಹಾಕಿಸಿದ್ದು."

ಏನಾದರೂ ಮಾಡಬೇಕೆಂದು, ಬಾಯಿ ತೆರೆದು ಮಲಗಿದ್ದ ಆ ಹುಡುಗನನ್ನು ಎತ್ತಿಕೊಳ್ಳಲು ಬಗ್ಗಿದೆ.

"ಅವನನ್ನ ಮುಟ್ಟಬೇಡ," ಎಂದರು ದೊಡ್ಡಮ್ಮ. ಕೂಗಲಿಲ್ಲ, ಮಲಗಿದ ಮಕ್ಕಳಿಗೆ ಎಚ್ಚರವಾಗದಷ್ಟು ಮೆಲ್ಲಗೆ ಹೇಳಿದರು.

ಒಂದೊಂದು ಮಗುವನ್ನೂ ಅವರೊಬ್ಬರೇ ಎತ್ತಿ ಅಂಗಳಕ್ಕೆ ಸಾಗಿಸಿದರು. ಮಂಡಿ ನೋವಿತ್ತೆಂದು ಕಾಣುತ್ತದೆ, ಪ್ರತಿ ಸಲ ಏಳುವಾಗ ಗೋಡೆ ಹಿಡಿಯುತ್ತಿದ್ದರು. ಹತ್ತೊಂಬತ್ತು ಸಲ ನನ್ನ ಮುಂದೆ ಹಾದುಹೋದರು. ಹತ್ತೊಂಬತ್ತು ಸಲವೂ ನಾನು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ದಾರಿ ಬಿಟ್ಟು ನಿಂತೆ.