ತೀತೀ ಬಿಲದಲ್ಲಿ ಸಿಕ್ಕ ಕೈ

ಹುಹಾನಾ ಬೋರಲು ಮಲಗಿ, ಭುಜದವರೆಗೂ ಕೈಯನ್ನು ಬಿಲದೊಳಗೆ ಇಳಿಸಿದ್ದಳು. ಬೆರಳ ತುದಿಗೆ ತೀತೀ ಎಂಬ ಕಡಲಹಕ್ಕಿಯ ಮರಿಯ ಬೆಚ್ಚನೆಯ ತುಪ್ಪುಳ ತಾಗಿತು. ಮರಿ ಕುಕ್ಕಿತು. ಅವಳು ಇನ್ನೊಂದು ಗೇಣು ಮುಂದೆ ಚಾಚಿದಳು. ಮಳೆಗೆ ನೆಂದಿದ್ದ ಮೇಲ್ಮಣ್ಣು ದೊಪ್ಪನೆ ಕುಸಿದು, ದಪ್ಪ ಬೇರೊಂದು ಮೊಣಕೈಯ ಮೇಲೆ ಅಡ್ಡ ಕೂತಿತು. ಎಳೆದಳು. ಕೈ ಬರಲಿಲ್ಲ.

ತೆಂಕಣ ಕಡಲಿನಲ್ಲಿ ರಾಕಿಯುರಾ ದ್ವೀಪದ ಆಚೆಗಿನ ಆ ಪುಟ್ಟ ದ್ವೀಪಕ್ಕೆ, ಚಳಿಗಾಲಕ್ಕೆ ಮುಂಚೆ ತೀತೀ ಮರಿಗಳು ಕೊಬ್ಬುವ ಹೊತ್ತಿಗೆ, ವಂಶದ ಹಕ್ಕುಳ್ಳ ಮನೆತನದವರು ಮಾತ್ರ ಬಂದು ಮರಿ ಹಿಡಿದು ಉಪ್ಪು ಹಾಕಿಡುತ್ತಿದ್ದರು. ಹುಹಾನಾ ಮದುವೆಯಾಗಿ ಆ ಮನೆ ಸೇರಿದವಳು. ಗಂಡ ರಾವಿರಿ ತೀರಿಕೊಂಡ ಮೇಲೂ ಅವನ ಅಕ್ಕ ರಿಪೆಕಾ ಪ್ರತಿ ವರ್ಷ, "ನಿನ್ನ ಮಕ್ಕಳ ಪಾಲು ಉಳೀಬೇಕು, ಚೀಲ ಕಟ್ಟು" ಅನ್ನುತ್ತಿದ್ದಳು. ಇವಳು ಕಟ್ಟುತ್ತಿದ್ದಳು. ಕಡಲು ಕೆರಳಿದರೆ ದೋಣಿ ಇಲ್ಲ. ಗುಡಿಸಲ ತುಂಬ ಹಕ್ಕಿಯ ಎಣ್ಣೆಯ ನಾತ. ಎದುರಿಗೆ ಅತ್ತಿಗೆಯ ಬಿಗಿದ ಮುಖ. "ನಾನು ಬರೊಲ್ಲ" ಎಂಬ ಮಾತನ್ನು ಅವಳು ಒಮ್ಮೆಯೂ ಆಡಿರಲಿಲ್ಲ.

ಕೂಗಿದಳು. ಗಾಳಿ ಕೂಗನ್ನು ಕಡಲ ಕಡೆಗೆ ಒಯ್ದಿತು. ಬಿಲದೊಳಗೆ ಮಳೆನೀರು ಜಿನುಗಿ ಬೆರಳು ಮರಗಟ್ಟತೊಡಗಿತು. ತೊಉತೊಉವಾಯಿ ಎಂಬ ಪುಟ್ಟ ಹಕ್ಕಿಯೊಂದು ಕುಪ್ಪಳಿಸುತ್ತ ಬಂದು, ಅವಳ ಬೂಟಿನ ಪಕ್ಕದಲ್ಲೇ ಕೆದರಿದ ಮಣ್ಣಿನಿಂದ ಹುಳ ಹೆಕ್ಕಿತು. ಮೇಲಿನ ಕೊಂಬೆಯಲ್ಲಿ ತೀಯೆಕೆ ಹಕ್ಕಿ ತೊಗಟೆ ಕೀಳುತ್ತಿತ್ತು. ಅದರ ಕಪ್ಪು ಬೆನ್ನಿನ ಮೇಲಿನ ಕೆಂಗಂದು ಮಚ್ಚೆ ಹಳೆಯ ಕಥೆಗಳ ವೀರ ಮಾವುಯಿಯ ಕೈ ತಾಗಿ ಸುಟ್ಟ ಗುರುತು. ಸೂರ್ಯನನ್ನು ಕಟ್ಟಿ ದಣಿದು ಬಂದವನು ನೀರು ಕೇಳಿದರೆ ಅದು ಕೊಡಲಿಲ್ಲವಂತೆ, ಸಿಟ್ಟಿಗೆ ಅವನು ಕಾದ ಕೈಯಲ್ಲೇ ಅದನ್ನು ಹಿಡಿದನಂತೆ.

ಆಮೇಲೆ ಪೀವಾಕಾವಾಕಾ ಹಕ್ಕಿ ಬಂತು. ಬೀಸಣಿಗೆಯಂಥ ಬಾಲ ಬಿಚ್ಚಿ, ಅವಳ ಮೂಗಿನ ಮುಂದೆಯೇ ಚಿಂವ್ ಚಿಂವ್ ಎಂದು ಕುಣಿಯಿತು. ಮಣ್ಣು ಕದಡಿದರೆ ಏಳುವ ಸೊಳ್ಳೆಗಾಗಿ ಅದು ಬರುತ್ತದೆಂದು ಅವಳಿಗೆ ಗೊತ್ತು. ಆದರೂ ಎದೆ ಧಸಕ್ಕೆಂದಿತು. ಸಾವನ್ನು ಗೆಲ್ಲಲೆಂದು ಮಾವುಯಿ ಮಲಗಿದ್ದ ಸಾವಿನ ತಾಯಿಯ ಒಡಲೊಳಗೆ ತೆವಳಿದಾಗ ಕಿಸಕ್ಕನೆ ನಕ್ಕದ್ದು ಇದೇ ಹಕ್ಕಿ. ಆ ತಾಯಿ ಎಚ್ಚರಗೊಂಡಳು, ಮಾವುಯಿ ನಡುವೆ ಸಿಕ್ಕು ನುಚ್ಚುನೂರಾದ.

"ನಗಬೇಡ, ಮುಂಡೇದೆ" ಎಂದಳು ಹುಹಾನಾ. ಆಮೇಲೆ ಅಳು ಬಂತು.

ಊಟಕ್ಕೂ ಬಾರದವಳನ್ನು ಹುಡುಕಿಕೊಂಡು ರಿಪೆಕಾ ಬಂದಾಗ ಬೆಳಕು ಇಳಿಯುತ್ತಿತ್ತು.

"ಏನೇ ಇದು, ಮರಿ ಹಿಡಿಯೋಕೆ ಕಳಿಸಿದ್ರೆ ಮರೀನೇ ನಿನ್ನ ಹಿಡ್ಕೊಂಡಿದೆ."

"ಅಕ್ಕಾ, ಕೈ ಮುರಿದಿದೆ ಅನ್ಸುತ್ತೆ."

ರಿಪೆಕಾಳ ನಗು ಆರಿತು. ಮಂಡಿಯೂರಿ ಬೆರಳುಗಳಿಂದಲೇ ಅಗೆಯತೊಡಗಿದಳು. ಬೇರು ಸಿಕ್ಕಾಗ ಚಾಕು ತೆಗೆದು ಕೊಯ್ಯಲು ಕೂತಳು. ಬೇರು ಕಬ್ಬಿಣದಂತಿತ್ತು, ಅಲುಗಿದಾಗೆಲ್ಲ ಹುಹಾನಾಳ ಜೀವ ಬಾಯಿಗೆ ಬರುತ್ತಿತ್ತು.

"ಏನಾದ್ರೂ ಮಾತಾಡ್ತಿರು. ಕಣ್ಣು ಮುಚ್ಚಬೇಡ."

"ಏನು ಮಾತಾಡ್ಲಿ? ಈ ದ್ವೀಪ ಕಂಡ್ರೆ ನಂಗಾಗಲ್ಲ. ಬಂದ ಮೊದಲ ದಿನದಿಂದ್ಲೂ ಆಗಲ್ಲ. ಇಲ್ಲಿಗೆ ಬಂದ್ರೆ ಉಸಿರು ಕಟ್ಟತ್ತೆ."

ಚಾಕು ನಿಂತಿತು.

"ಮತ್ತೆ ಇಷ್ಟು ವರ್ಷ ಯಾಕೆ ಬಾಯಿ ಮುಚ್ಕೊಂಡಿದ್ದೆ?"

"ನಿಮ್ಮ ಮುಖ ನೋಡಿ."

"ನನ್ನ ಮುಖಾನೇ?" ರಿಪೆಕಾ ಮತ್ತೆ ಕೊಯ್ಯತೊಡಗಿದಳು. "ಅಪ್ಪ ಸಾಯೋವಾಗ ಈ ಜಾಗ ನೋಡ್ಕೋ ಅಂದ. ಬೇಕಾ ಅಂತ ಕೇಳ್ಲಿಲ್ಲ. ರಾವಿರಿ ಹೋದ್ಮೇಲೆ ಒಬ್ಳೇ ಬರೋಕೆ ಹೆದರಿಕೆ ಕಣೇ. ನೀನು ಒಂದ್ಸಲ ಬರೊಲ್ಲ ಅಂದಿದ್ರೆ, ನಿನ್ನ ನೆಪದಲ್ಲಿ ನಾನೂ ಊರಲ್ಲಿ, ಬ್ಲಫ್‌ನಲ್ಲೇ ಬೆಚ್ಚಗೆ ಕೂತಿರ್ತಿದ್ದೆ."

ಬೇರು ಕಟಕ್ಕೆಂದಿತು. ಕೈ ಹೊರಬಂತು, ನೀಲಿಯಾಗಿ, ಊದಿಕೊಂಡು. ಮರಿ ಒಳಗೆ ಇನ್ನೂ ಹಿಸ್ಸೆನ್ನುತ್ತಿತ್ತು. ರಿಪೆಕಾ ಅದನ್ನು ಮುಟ್ಟಲಿಲ್ಲ. ಬಿಲದ ಬಾಯನ್ನು ಹಾಗೇ ಬಿಟ್ಟು, ಅಗೆದು ತೆರೆದ ಗುಂಡಿಗೆ ಹುಲ್ಲಿನ ಹೆಂಟೆ ಇಟ್ಟು ಅದುಮಿದಳು. ಇದರ ತಾಯಿತಂದೆ ಕಡಲು ದಾಟಿ ಬಡಗಣ ತುದಿಯವರೆಗೆ ಹೋಗಿ ಬಂದರೂ ಇಳಿಯುವುದು ಇದೇ ಬಿಲಕ್ಕೆ.

ಕಡಲು ಆ ವಾರವಿಡೀ ದೋಣಿ ಬಿಡಲಿಲ್ಲ. ಕೈಗೆ ಹಲಗೆ ಕಟ್ಟಿಸಿಕೊಂಡು ಹುಹಾನಾ ಗುಡಿಸಲಲ್ಲಿ ನರಳುತ್ತ ಬಿದ್ದಿದ್ದಳು. ರಿಪೆಕಾ ತಾನೇ ತುತ್ತು ಕೊಟ್ಟಳು. ನೋವಿನ ನಡುವೆಯೂ ಇಬ್ಬರೂ ಬಹಳ ಮಾತಾಡಿದರು, ಕೆಲವೊಮ್ಮೆ ಜಗಳವನ್ನೂ ಆಡಿದರು.

ಮುಂದಿನ ವರ್ಷ ರಿಪೆಕಾ ಆ ಜಾಗದ ಹೊಣೆಯನ್ನು ಹುಹಾನಾಳ ಮಗಳಿಗೆ ಒಪ್ಪಿಸಿದಳು. ಒಪ್ಪಿಸುವ ಮುಂಚೆ, ನಿನಗೆ ಬೇಕೇನು ಎಂದು ಎರಡು ಸಲ ಕೇಳಿದಳು.