ಬಿಳಿ ಚುಕ್ಕೆ ಬರುವ ತನಕ

"ಭಾವ, ಆ ಕಡೆ ಹಿಡ್ಕೊಳ್ಳಿ. ಈ ಮೇಜು ಹೊರಗೆ ಹಾಕಿಬಿಡೋಣ, ಜನಕ್ಕೆ ನಿಲ್ಲೋಕೆ ಜಾಗ ಇಲ್ಲ," ಎನ್ನುತ್ತ ಭಾವಮೈದುನ ಊಟದ ಮೇಜಿನ ಒಂದು ತುದಿಯನ್ನು ಆಗಲೇ ಎತ್ತಿದ್ದ.

ದರ್ಜಿ ಓಡಿಬಂದು ಇನ್ನೊಂದು ತುದಿಯ ಮೇಲೆ ಕೂತುಬಿಟ್ಟರು.

"ಮುಟ್ಟಬೇಡ! ತಟ್ಟೆ ಅಲ್ಲಾಡುತ್ತೆ. ನಿಮ್ಮಕ್ಕನ ಮೊಟ್ಟೆ ಇದೆ ಅದರಲ್ಲಿ."

"ಅಕ್ಕನದಲ್ಲ ಭಾವ, ಕಪ್ಪೆದು. ಜನ ಕೇಳಿಸ್ಕೋತಾರೆ, ಸರಿಯಾಗಿ ಹೇಳಿ."

ಅಕ್ಕ ಮುಂದಿನ ಕೋಣೆಯಲ್ಲಿ, ಗಂಡ ತಾನೇ ಅಂಚು ಹೊಲಿದ ಬಿಳಿ ಹೊದಿಕೆಯ ಕೆಳಗೆ ಮಲಗಿದ್ದರು. ಬೀದಿಗೆಲ್ಲ ಅವರು ಕಪ್ಪೆ ಮೇಡಂ. ಕಪ್ಪೆಯ ಮೊಟ್ಟೆ ಹೇಗೆ ಬಲಿಯುತ್ತದೆ ಎಂದು ನೋಡುವುದರಲ್ಲೇ ಕಾಲೇಜಿನ ನೌಕರಿ ಮುಗಿದಿತ್ತು. ನಿವೃತ್ತಿಯ ದಿನ ಎಲ್ಲರೂ ಹಾರ, ಶಾಲು ತಂದರೆ ಇವರು ಹಳೆಯ ಮೈಕ್ರೋಸ್ಕೋಪನ್ನು ಮನೆಗೆ ತಂದು ಊಟದ ಮೇಜಿನ ಮೇಲಿಟ್ಟರು. ಅಂದಿನಿಂದ ಗಂಡ ಹೆಂಡತಿ ಅಡುಗೆಮನೆಯಲ್ಲಿ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು.

ಇಂದು ಬೆಳಿಗ್ಗೆಯೂ ಅಷ್ಟೆ. ಶಿಷ್ಯೆ ಕಾಲೇಜಿನಿಂದ ತಂದುಕೊಟ್ಟಿದ್ದ ಮೊಟ್ಟೆಗಳಿಗೆ ಹಾರ್ಮೋನಿನ ಹನಿ ಹಾಕಿ, ಕಾಫಿ ಕೇಳಿ, ಸ್ಟೂಲಿನ ಮೇಲೆ ಕೂತರು. ಕಾಫಿ ಬರುವಷ್ಟರಲ್ಲಿ ಮೇಜಿಗೆ ತಲೆಯಾನಿಸಿದ್ದರು. ಆ ತಲೆ ಮತ್ತೆ ಏಳಲಿಲ್ಲ.

"ಚೆಲ್ಲಿಬಿಡಿ ಭಾವ. ಗಾಡಿ ಬಂದು ನಿಂತಿದೆ. ಸ್ಮಶಾನದಲ್ಲಿ ಹೊತ್ತು ಗೊತ್ತುಮಾಡಿದೀನಿ, ತಪ್ಪಿದ್ರೆ ನಾಳೆಗೆ ಹೋಗುತ್ತೆ."

"ಬಿಳಿ ಚುಕ್ಕೆ ಬರಲಿ. ನೋಡಿ ಹೊರಡೋಣ. ನೋಡ್ತೀನಿ ಅಂತ ಅವಳಿಗೆ ಹೇಳಿದೀನಿ ಕಣೋ."

ಹೇಳಿದ್ದು ನಿಜ. ಮೊಟ್ಟೆ ಬಲಿತಾಗ ಅದರ ಕಪ್ಪು ನೆತ್ತಿಯ ಮೇಲೆ ಒಂದು ಬಿಳಿ ಚುಕ್ಕೆ ಮೂಡುತ್ತದೆ. ಅದು ಮೂಡಿದಾಗಲೆಲ್ಲ ಮೇಡಂ ಕೂಗುತ್ತಿದ್ದರು: "ರೀ, ಬಂತು, ಬೇಗ ಬನ್ನಿ!" ಕೂಗಿ, ಸ್ಟೂಲಿನಿಂದೆದ್ದು, ಗಂಡನಿಗೆ ಜಾಗ ಬಿಟ್ಟು ಪಕ್ಕದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದರು. ಹೊಲಿಗೆ ಯಂತ್ರದ ಕಡೆಯಿಂದ ಉತ್ತರ ಬರುತ್ತಿತ್ತು: "ಒಂದು ಹೊಲಿಗೆ ಮುಗಿಸಿ ಬಂದೆ." ಆ ಹೊಲಿಗೆಯ ಹಿಂದೆ ಕಾಲರು, ಕಾಲರಿನ ಹಿಂದೆ ಕಾಜಾ. ಮೊಟ್ಟೆ ತಾನೇ, ಎಲ್ಲಿಗೆ ಹೋಗುತ್ತೆ ಎಂದು ದರ್ಜಿಯ ಲೆಕ್ಕ. ಕೊನೆಗೆ ಮೇಡಂ ತಾವೇ ಮೈಕ್ರೋಸ್ಕೋಪಿನ ದೀಪ ಆರಿಸಿಬಿಡುತ್ತಿದ್ದರು.

ಈ ಬೆಳಿಗ್ಗೆ ಕೇಳಿದ್ದರು: "ಇವತ್ತಾದ್ರೂ ನೋಡ್ತೀರೋ, ಇಲ್ವೋ?"

"ನೋಡ್ತೀನಿ ಮಾರಾಯ್ತಿ, ಮೊದಲು ಕಾಫಿ ತರ್ತೀನಿ ಇರು."

*

ಮೇಡಂ ಮೊದಲ ಸಲ ಅಂಗಡಿಗೆ ಬಂದದ್ದು ಬಿಳಿ ಕೋಟು ಹೊಲಿಸಲು. ಅಳತೆ ಕೊಡುವುದನ್ನು ಬಿಟ್ಟು, ಗೋಡೆಗೆ ನೇತುಹಾಕಿದ್ದ ನಿರಿಗೆಯ ಲಂಗವನ್ನೇ ದಿಟ್ಟಿಸಿದರು.

"ಇದರಲ್ಲಿ ಎಷ್ಟು ಬಟ್ಟೆ ಇದೆ?"

"ನಿರಿಗೆ ಬಿಚ್ಚಿ ಹರಡಿದ್ರೆ ಈ ಅಂಗಡಿ ನೆಲ ಪೂರ್ತಿ ಮುಚ್ಚುತ್ತೆ."

"ನನ್ನ ಮೊಟ್ಟೆ ಥರಾನೇ!"

ದರ್ಜಿ ಗಾಬರಿಯಿಂದ ಅವರ ಕೈಚೀಲದ ಕಡೆ ನೋಡಿದರು. ಆಕೆ ಬೆಂಚಿನ ಮೇಲೆ ಕೂತು ವಿವರಿಸಿದರು: ಮೊಟ್ಟೆಯ ತೆಳು ಪೊರೆಯೂ ಹೀಗೇ ನಿರಿಗೆ ನಿರಿಗೆ. ಅದರ ತುಂಬ ಕಣ್ಣಿಗೆ ಕಾಣದ ಬಾಗಿಲುಗಳು. ತಾಯಿಯ ಹೊಟ್ಟೆಯಲ್ಲಿರುವಾಗ ಉಪ್ಪು, ಸಕ್ಕರೆ, ಬೇಕಾದದ್ದೆಲ್ಲ ಆ ಬಾಗಿಲುಗಳಿಂದ ಒಳಕ್ಕೆ. ಹಾರ್ಮೋನು ಬಂದು ಮುಟ್ಟಿತೋ, ನಿರಿಗೆಗಳು ಒಳಸರಿದು ಪೊರೆ ನುಣ್ಣಗಾಗುತ್ತದೆ, ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತವೆ.

"ಯಾಕಂತೆ ಅಷ್ಟು ಬಿಗುಮಾನ?"

"ಮುಂದೆ ಕೆರೆಗೆ ಬೀಳಬೇಕಲ್ರೀ! ಸುತ್ತ ಬರೀ ನೀರು. ಬಾಗಿಲು ತೆಗೆದಿಟ್ಕೊಂಡು ಹೋದ್ರೆ ಬದುಕುತ್ತಾ?"

ಕೋಟು ಒಯ್ಯಲು ಬಂದ ದಿನ ದರ್ಜಿ ಕೋಟಿನ ಜತೆ ಒಂದು ಬಟ್ಟೆಯ ಚೆಂಡನ್ನೂ ಮುಂದಿಟ್ಟರು. ಮೇಲರ್ಧ ಕಪ್ಪು, ಕೆಳಗರ್ಧ ಕೆನೆ ಬಣ್ಣ, ಮೈತುಂಬ ಪುಟ್ಟ ಜೇಬು, ನಡುವೆ ಒಂದು ಲಾಡಿ. ಲಾಡಿ ಎಳೆದರೆ ಜೇಬುಗಳೆಲ್ಲ ಒಳಗೆ. ಆಕೆ ಎಳೆದರು, ಬಿಟ್ಟರು, ಮತ್ತೆ ಎಳೆದರು, ಚೆಂಡು ಹಿಡಿದುಕೊಂಡು ಹಾಗೇ ಹೊರಟುಹೋದರು. ಕೋಟು ಅಂಗಡಿಯಲ್ಲೇ ಉಳಿಯಿತು. ಅದನ್ನು ಒಯ್ಯಲು ಬಂದಾಗಲೆಲ್ಲ ಮಾತಿಗೆ ಕೂತು ಮತ್ತೆ ಮರೆತು ಹೋಗುತ್ತಿದ್ದರು. ಕೊನೆಗೆ ಕೋಟಿಗಿಂತ ಮೊದಲು ಮದುವೆಯಾಯಿತು.

*

ಗಾಡಿಯ ಡ್ರೈವರ್ ಒಳಗೆ ಬಂದು ಇಣುಕಿದ. "ಎಷ್ಟೊತ್ತಾಗುತ್ತೆ ಸಾರ್?"

"ಮೊಟ್ಟೇನ ಕೇಳಪ್ಪ," ಎಂದ ಭಾವಮೈದುನ. "ಇಲ್ಲಿ ನನ್ನ ಮಾತಿಗೆ ಬೆಲೆ ಇಲ್ಲ."

ಸ್ಟೂಲಿನ ಮೇಲೆ ಕಾವಲು ಕೂತಿದ್ದ ಶಿಷ್ಯೆ ಕಪಾಟಿನಿಂದ ಅದೇ ಚೆಂಡು ತೆಗೆದಳು. ಮೇಡಂ ಕಾಲೇಜಿನಲ್ಲಿ ಪಾಠಕ್ಕೆ ಬಳಸುತ್ತಿದ್ದ ಆ ಚೆಂಡು ನಿವೃತ್ತಿಯ ಮೇಲೆ ಗುಂಡುಸೂಜಿ ಚುಚ್ಚಿಡುವ ದಿಂಬಾಗಿತ್ತು. ಅವಳು ಸೂಜಿಗಳನ್ನು ಕಿತ್ತು, ಲಾಡಿ ಎಳೆದು, ಬಾಗಿಲು ಮುಚ್ಚುವ ಕಥೆಯನ್ನು ಮೇಡಂ ಹೇಳುತ್ತಿದ್ದ ಹಾಗೆಯೇ ಹೇಳಿದಳು.

ಡ್ರೈವರ್ ತಾನೂ ಒಂದು ಸಲ ಎಳೆದು ನೋಡಿದ. "ಅಂದ್ರೆ ಊರಿಗೆ ಹೊರಡೋ ಮುಂಚೆ ಕಿಟಕಿ ಬಾಗಿಲು ಹಾಕ್ಕೊಂಡ ಹಾಗೆ?"

"ಹೂಂ, ಹಾಗೇ."

"ನಮ್ಮ ಮನೇಲಿ ಬಾಗಿಲು ಹಾಕೋದೇ ನಡೀತಿದೆ, ಹೊರಡೋದು ಕಾಣೆ," ಎಂದ ಭಾವಮೈದುನ.

"ಇರಲಿ ಬಿಡಿ ಸಾರ್. ಇಷ್ಟು ವರ್ಷ ಗಾಡಿ ಓಡಿಸಿದೀನಿ, ಹಿಂದೆ ಮಲಗಿದೋರು ಒಬ್ರೂ ತಡ ಆಯ್ತು ಅಂದಿಲ್ಲ. ನಾನೂ ಒಂದ್ಸಲ ನೋಡ್ಲಾ?"

"ನಾನು ಮೊದಲು," ಎಂದರು ಪಕ್ಕದ ಮನೆಯಾಕೆ. "ಒಂದ್ಸಲ ಇವರ ಫ್ರಿಜ್ಜಿಂದ ಸಾಸಿವೆ ಅಂತ ಇದನ್ನೇ ಒಯ್ದಿದ್ದೆ. ಮೇಡಂ ಬರಿಗಾಲಲ್ಲಿ ಓಡಿಬಂದು ಒಲೆ ಆರಿಸಿದ್ರು, ಪುಣ್ಯಾತ್ಗಿತ್ತಿ!" ನಗಲು ಹೋದವರು ಸೆರಗಿನಿಂದ ಬಾಯಿ ಮುಚ್ಚಿ ಅತ್ತುಬಿಟ್ಟರು.

ಅಂತಿಮ ದರ್ಶನಕ್ಕೆ ನಿಂತಿದ್ದ ಸಾಲು ಈಗ ಹೆಣವನ್ನು ದಾಟಿ, ತಿರುಗಿ, ಮೇಜಿನ ತನಕ ಬಂದಿತ್ತು. ಇದೇನು ಪದ್ಧತಿ ಎಂದು ಗೊತ್ತಿಲ್ಲದವರೂ ಸಾಲಿನಲ್ಲಿ ಭಕ್ತಿಯಿಂದ ನಿಂತಿದ್ದರು.

ಶಿಷ್ಯೆ ಇನ್ನೊಮ್ಮೆ ಬಗ್ಗಿ ನೋಡಿ, ತಟ್ಟನೆ ಎದ್ದಳು. "ಎಲ್ಲರೂ ಸರೀರಿ. ಅಂಕಲ್, ಈಗ ನೀವೇ ನೋಡಬೇಕು."

ದರ್ಜಿ ಕೂತರು. ಸೂಜಿಗೆ ದಾರ ಪೋಣಿಸುವವರ ಹಾಗೆ ಒಂದು ಕಣ್ಣು ಮುಚ್ಚಿದರು.

"ಕತ್ತಲೆ."

"ಎರಡೂ ಕಣ್ಣು ತೆಗೀರಿ ಅಂಕಲ್."

"ಈಗ ಬರೀ ನೀರು."

"ನೀರು ನಿಮ್ಮ ಕಣ್ಣಲ್ಲಿದೆ, ಒರೆಸ್ಕೊಳ್ಳಿ ಭಾವ," ಎಂದು ಭಾವಮೈದುನ ತನ್ನ ಕರವಸ್ತ್ರ ಕೊಟ್ಟ. ಅದು ಆಗಲೇ ಒದ್ದೆಯಾಗಿತ್ತು.

ದರ್ಜಿ ಒರೆಸಿಕೊಂಡು ಮತ್ತೆ ಬಗ್ಗಿದರು. ಕಪ್ಪು ಮಖಮಲ್ಲಿನಂಥ ದುಂಡಗಿನ ನೆತ್ತಿ. ಅದರ ನಟ್ಟನಡುವೆ, ಇಲ್ಲೇ ಗುಂಡಿ ಬರಬೇಕು ಎಂದು ಯಾರೋ ಸೀಮೆಸುಣ್ಣದಲ್ಲಿ ಗುರುತು ಮಾಡಿದ ಹಾಗೆ, ಒಂದು ಚುಕ್ಕೆ. ಪಕ್ಕದ್ದರ ಮೇಲೂ ಒಂದು. ಅದರಾಚೆಯದರ ಮೇಲೂ.

"ಬಂತು ಕಣೇ!" ಎಂದು ದರ್ಜಿ ಮುಂದಿನ ಕೋಣೆಯ ಕಡೆ ಕೂಗಿದರು. "ಬೇಗ ಬಾ!"

ಭಾವಮೈದುನ ಕೈಗಡಿಯಾರ ನೋಡಲು ಎತ್ತಿದ್ದ ಕೈಯನ್ನು ಹಾಗೇ ಇಳಿಸಿದ.

ದರ್ಜಿ ಸ್ಟೂಲಿನಿಂದೆದ್ದು, ಅದನ್ನು ಖಾಲಿ ಬಿಟ್ಟು, ಪಕ್ಕದಲ್ಲಿ ಕೈಕಟ್ಟಿ ನಿಂತರು. ಒಂದು ಹೊಲಿಗೆ ಮುಗಿಯುವಷ್ಟು ಹೊತ್ತು ನಿಂತಿದ್ದು, ಆಮೇಲೆ ದೀಪ ಆರಿಸಿದರು.